ಲೊಹೆವಾಕ್ಕೆ ಎತ್ತಿದ ಕೈ

ಆ ಕಡಲಬಂಡೆಯ ಮೇಲೆ "ಕೇಳಿಸ್ತು" ಎಂದು ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಕೈ ಎತ್ತಬೇಕು, ಅಷ್ಟೆ. ಸಮುದ್ರದಾಚೆಯ ರೇಡಿಯೋ ನಿಲ್ದಾಣ ಗಂಟೆ ತುಂಬಿದಾಗ ತನ್ನ ಹೆಸರು ಹೇಳುತ್ತದಲ್ಲ, ಆ ಹೊತ್ತಿಗೆ, ದೂರದ ದನಿ ಹಿಡಿಯಲು ವರ್ಷಕ್ಕೊಂದು ವಾರ ಅಲ್ಲಿ ಸೇರುವ ನಾಲ್ವರೂ ಕಡಲಿಗೆ ಮುಖಮಾಡಿ ಕಣ್ಣು ಮುಚ್ಚಿರಬೇಕು. ಹೆಸರು ಕಿವಿಗೆ ಬಿದ್ದವರು ಸುಮ್ಮನೆ ಕೈ ಮೇಲೆತ್ತಿ ಹಿಡಿಯಬೇಕು. ಆಮೇಲೆ ಕಣ್ಣು ಬಿಟ್ಟು ನೋಡಬೇಕು. ಇನ್ನೊಂದು ಕೈ ಜೊತೆಗಿದ್ದರೆ ನಿಲ್ದಾಣ ಸಿಕ್ಕಿದ ಹಾಗೆ. ಒಂಟಿ ಕೈಯಾದರೆ ಇಳಿಸಿಕೊಂಡು ಕಾಫಿ ಕುಡಿಯಬೇಕು. ಧ್ವನಿಮುದ್ರಣ ಮಾಡಿಕೊಂಡಿದ್ದರೆ ಮನೆಗೆ ಹೋಗಿ ಬೇಕಾದಷ್ಟು ಸಲ ಕೇಳಿಕೊಳ್ಳಬಹುದು, ಆದರೆ ಅದು ಲೆಕ್ಕಕ್ಕಿಲ್ಲ. ಯಂತ್ರ ಕೇಳಿದ್ದು ಯಂತ್ರದ ಪುಣ್ಯ, ನಮ್ಮದಲ್ಲ ಎಂದು ಈ ಕ್ರಮ ಮಾಡಿಟ್ಟವನು ವೆಂಡೆಲ್ ಓಸ್ಟರ್‌ಹೌಟ್.

ಹೋದ ವರ್ಷ ಹೆಲ್ಮಿ ರೌತಿಯೊ ಎತ್ತಿದ್ದು ಒಂಟಿ ಕೈ.

ಎತ್ತಿದ್ದು ಲೊಹೆವಾಕ್ಕೆ. ಶಾಂತ ಸಾಗರದ ನಡುವೆ ನಕಾಶೆಯಲ್ಲಿ ಚುಕ್ಕೆ ಇಡುವುದಕ್ಕೂ ಹಿಂದೆಮುಂದೆ ನೋಡಬೇಕಾದ ದ್ವೀಪ ಅದು. ಅಲ್ಲಿನ ನಿಲ್ದಾಣದ ಶಕ್ತಿಯೋ, ಪಕ್ಕದ ದ್ವೀಪಕ್ಕೆ ಕೇಳಿದರೆ ದೊಡ್ಡದು. ರೇಡಿಯೋ ಮುಳ್ಳು ಓಡಾಡುವ ಪಟ್ಟಿಯಲ್ಲಿ, ಅಮೆರಿಕದ ಎರಡು ದೈತ್ಯ ನಿಲ್ದಾಣಗಳ ಸಂದಿನಲ್ಲಿ ಅದು ಮುದುರಿಕೊಂಡು ಕೂತಿರುತ್ತದೆ. ಅದನ್ನು ಆರೆಗನ್ ಕರಾವಳಿಯಲ್ಲಿ ಅಂಗೈಯಗಲದ ರೇಡಿಯೋದಲ್ಲಿ ಹಿಡಿದವರು ಯಾರೂ ಇರಲಿಲ್ಲ. ಮೊದಲು ಶಂಖ ಊದಿದ ಸದ್ದು ಬಂತು, ಆಮೇಲೆ ಒಬ್ಬ ಹೆಂಗಸು ಹೆಸರನ್ನು ಎರಡು ಸಲ ಹೇಳಿದಳು, ಎರಡನೇ ಸಲ ಎಳೆದು ಹೇಳಿದಳು ಎಂದು ಹೆಲ್ಮಿ ಕೈ ಎತ್ತಿಕೊಂಡೇ ವರದಿ ಕೊಟ್ಟಿದ್ದಳು. ಮಿಕ್ಕ ಮೂವರ ಕೈಗಳು ತೊಡೆಯ ಮೇಲೇ ಇದ್ದವು.

"ಶಂಖ," ಎಂದಿದ್ದ ವೆಂಡೆಲ್, ಆ ಮಾತನ್ನು ಬಾಯಲ್ಲಿಟ್ಟು ಚಪ್ಪರಿಸುತ್ತ. "ಡೋಲು ಇರ್ಲಿಲ್ವಾ? ಮೆರವಣಿಗೆ?"

ಅಂದಿನಿಂದ ಲೊಹೆವಾಕ್ಕೆ ಹೆಲ್ಮಿಯ ದ್ವೀಪ ಎಂದೇ ಹೆಸರು ಬಿತ್ತು. ಕ್ರಿಸ್‌ಮಸ್ಸಿಗೆ ವೆಂಡೆಲ್ ಕಳಿಸಿದ ಕಾರ್ಡಿನಲ್ಲಿ ತೆಂಗಿನ ಮರದ ಚಿತ್ರ ಬರೆದು, ಕೆಳಗೊಂದು ಶಂಖ ಬಿಡಿಸಿದ್ದ. ಹೆಲ್ಮಿ ನಕ್ಕು ಅದನ್ನು ಫ್ರಿಜ್ಜಿಗೆ ಅಂಟಿಸಿದಳು. ಎರಡು ದಿನ ಬಿಟ್ಟು ಕಿತ್ತು ಕಸದ ಬುಟ್ಟಿಗೆ ಹಾಕಿದಳು. ಊರ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತ, ಸೀಟಿ ಊದುತ್ತ ಆಯುಷ್ಯ ಕಳೆದವಳು ಅವಳು. ಚಳಿಗಾಲದಲ್ಲಿ ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ನಿಮಗೆ ಮಾತಿನ ದಪ್ಪ ಭಾಗ ಕೇಳುತ್ತದೆ, ಸಣ್ಣ ಭಾಗ ಕೇಳುವುದಿಲ್ಲ, ಉಳಿದದ್ದನ್ನು ನಿಮ್ಮ ಮನಸ್ಸೇ ತುಂಬಿಕೊಳ್ಳುತ್ತಿದೆ ಎಂದರು. ಅದೊಂದು ಮಾತು ಅವಳ ನಿದ್ದೆ ಕೆಡಿಸಿತು. ಹಾಗಾದರೆ ಲೊಹೆವಾವನ್ನೂ ನನ್ನ ಮನಸ್ಸೇ ತುಂಬಿಕೊಂಡಿತೆ? ವೆಂಡೆಲ್ ನಗುವುದನ್ನು ಅವಳು ಸಹಿಸಬಲ್ಲಳು. ವೆಂಡೆಲ್ ಹೇಳಿದ್ದೇ ಸರಿಯಾಗಿದ್ದರೆ ಅದನ್ನು ಸಹಿಸುವುದು ಅವಳಿಂದ ಆಗದ ಕೆಲಸ.

ಅಷ್ಟರಲ್ಲಿ ಬೇಸಿಗೆಗೆ ಮುಂಚೆ ಸುದ್ದಿ ಬಂತು: ಜುಲೈ ಮುಗಿಯುತ್ತಲೇ ಲೊಹೆವಾದ ಹಳೆಯ ಪ್ರಸಾರಕ್ಕೆ ಬೀಗ. ಇನ್ನು ಮೇಲೆ ಎಫ್ಎಂ ಮಾತ್ರ; ಅದು ದ್ವೀಪದ ದಡ ದಾಟುವುದಿಲ್ಲ. ಅಂದರೆ ಈ ವರ್ಷ ಜುಲೈಯಲ್ಲಿ ಬಂಡೆಯ ಮೇಲೆ ಕಳೆಯುವ ಈ ಒಂದು ವಾರವೇ ಹೆಲ್ಮಿಗೆ ಕೊನೆಯ ಅವಕಾಶ.

ವಾರ ಶುರುವಾದದ್ದೇ ಅಪಶಕುನದಿಂದ. ಬೆಳಗಿನ ಜಾವ ಹೆದ್ದಾರಿ ಪಕ್ಕದಲ್ಲಿ ಕಾರು ನಿಲ್ಲಿಸಿ, ಮಂಜಿನಲ್ಲಿ ಮಡಿಸುವ ಕುರ್ಚಿಗಳನ್ನು ಹೊತ್ತು ತಂದು, ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಕೂತರು. ಕಡಲೊಳಗೆ ಚಾಚಿದ ಬಂಡೆಯ ತುದಿ ವೆಂಡೆಲ್‌ನದು. ಅಲ್ಲಿ ಗಾಳಿ ಕೊಯ್ಯುತ್ತದೆ, ಆದರೆ ದನಿ ಮೊದಲು ಬರುವುದೂ ಅಲ್ಲಿಗೇ. ಮಧ್ಯದಲ್ಲಿ ಔಷಧಿ ಅಂಗಡಿಯ ನೊರೀನ್ ಮತ್ತು ಬಸ್ಸುಗಳ ಮೆಕ್ಯಾನಿಕ್ ಆಗಿದ್ದ ಬೆರ್ತೊ. ಎಲ್ಲರ ಹಿಂದೆ, ಕಾರುಗಳ ಮುಂದೆ, ಹೆಲ್ಮಿ. ರೇಡಿಯೋ ಹಚ್ಚಿದರೆ ಕಡಲಿಗಿಂತ ಮೊದಲು ಬಂದದ್ದು ಗುಂಯ್ ಎನ್ನುವ ಸದ್ದು. ಬರುವುದು, ನಿಲ್ಲುವುದು, ಮತ್ತೆ ಬರುವುದು. ಲೊಹೆವಾ ಕೂತಿರುವ ಸಂದಿನಲ್ಲೇ ಅದರ ಆರ್ಭಟ ಜೋರು.

ಇಂಥ ಸದ್ದು ಎಂದರೆ ಯಾವುದೋ ಕರೆಂಟಿನ ವಸ್ತು ಹತ್ತಿರದಲ್ಲಿದೆ ಎಂದರ್ಥ. ಅದಕ್ಕೇ ಬಂಡೆಯ ಮೇಲೆ ಫೋನು, ಟಾರ್ಚು, ಕೈಗಡಿಯಾರ ಎಲ್ಲ ಬಾಯಿ ಮುಚ್ಚಿಕೊಂಡಿರಬೇಕೆಂಬ ಕಟ್ಟಪ್ಪಣೆ. ಒಂದೊಂದಾಗಿ ಎಲ್ಲವನ್ನೂ ತಪಾಸಣೆ ಮಾಡಿದರು. ಬೆರ್ತೊ ಕಾರುಗಳ ಬ್ಯಾಟರಿಯ ತಂತಿಯನ್ನೂ ಕಳಚಿಟ್ಟ. ಗುಂಯ್ ಹೋಗಲಿಲ್ಲ.

ನೊರೀನ್ ತನ್ನ ರೇಡಿಯೋವನ್ನು ಅತ್ತಿತ್ತ ತಿರುಗಿಸಿ ನೋಡಿದಳು. ಈ ಪುಟ್ಟ ರೇಡಿಯೋಗಳ ಹೊಟ್ಟೆಯಲ್ಲಿ ಒಂದು ಕಪ್ಪು ಕೋಲಿರುತ್ತದೆ. ಕೋಲಿನ ತುದಿ ಯಾವ ಕಡೆಗೆ ನೆಟ್ಟಗೆ ನಿಂತಾಗ ಸದ್ದು ಅಡಗುತ್ತದೋ, ಸದ್ದಿನ ಮೂಲ ಆ ಗೆರೆಯ ಮೇಲಿರುತ್ತದೆ. ಮುಂದೋ ಹಿಂದೋ ಎನ್ನುವುದನ್ನು ಮಾತ್ರ ಅದು ಹೇಳುವುದಿಲ್ಲ. ಗೆರೆ ಕಡಲ ಕಡೆಗಿತ್ತು. ಅದೇ ಗೆರೆ ಹಿಂದಕ್ಕೆ ಹೆಲ್ಮಿಯ ಕುರ್ಚಿಗೂ ಬರುತ್ತಿತ್ತು. ಲೊಹೆವಾವೂ ಅದೇ ಗೆರೆಯ ಮೇಲಿದ್ದದ್ದು ದುರದೃಷ್ಟ: ಗುಂಯ್ ಅಡಗಿಸಲು ತಿರುಗಿಸಿದರೆ ಲೊಹೆವಾವೂ ಅಡಗುತ್ತಿತ್ತು.

"ಹೆಲ್ಮಿ," ಎಂದ ವೆಂಡೆಲ್ ತುದಿಯಿಂದಲೇ, "ಟೋಪಿ ಒಳಗೆ ಏನಿಟ್ಕೊಂಡಿದ್ದೀಯ?"

ಅವಳ ಉಣ್ಣೆ ಟೋಪಿ ಕಿವಿಯವರೆಗೆ ಇಳಿದಿತ್ತು. ಒಳಗಿನದು ಯಾರಿಗೂ ಕಾಣದ ಹಾಗೆ ಅದನ್ನು ಇಳಿಸಿಕೊಳ್ಳುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಕೊಂಡು ಬಂದಿದ್ದಳು. ಈಗ ತೆಗೆಯದೆ ವಿಧಿಯಿರಲಿಲ್ಲ.

"ಕಿವಿ ಮಿಷನ್ನು," ಎಂದಳು.

ಮೂವರ ಕಣ್ಣೂ ಅವಳ ಕಿವಿಗೆ ಅಂಟಿದವು. ಅಷ್ಟೇ ಸಾಕಾಗಿತ್ತು ಅವಳನ್ನು ನೆಲಕ್ಕಿಳಿಸಲು. ವೆಂಡೆಲ್ ಅಷ್ಟಕ್ಕೆ ಬಿಡುವ ಆಸಾಮಿಯಲ್ಲ.

"ಹಾಂ, ನೋಡಿದ್ರಾ. ಹೋದ್ವರ್ಷ ಇರ್ಲಿಲ್ಲ, ಗುಂಯ್‌ನೂ ಇರ್ಲಿಲ್ಲ. ಈ ವರ್ಷ ಎರಡೂ ಬಂದ್ವು."

"ಅವಳಿಗೆ ಬೇಕಲ್ಲ ಮಾರಾಯ ಅದು," ಎಂದ ಬೆರ್ತೊ.

"ಬೇಕು ಕಣೋ, ನಾನೇನು ಬೇಡ ಅಂದ್ನಾ? ಮನೇಲಿ ಹಾಕ್ಕೊಳ್ಲಿ. ನನ್ನ ನೋಡು, ಕಂಬ್ಳಿ ಇಲ್ಲ, ಏನಿಲ್ಲ, ಒಂದು ಹಳೇ ಕೋಟು. ರೇಡಿಯೋ ಕೇಳೋಕೆ ಬಂದೋರು ಹಿಂಗಿರ್ಬೇಕು."

ಅದೊಂದು ಅವನ ಹಳೆಯ ಜಂಬ. ಉಳಿದವರು ಕಂಬಳಿ ಸುತ್ತಿಕೊಂಡು ಮೂಟೆಗಳ ಹಾಗೆ ಕೂತಿರುವಾಗ, ವೆಂಡೆಲ್ ಮಾತ್ರ ಕಡಲಗಾಳಿಗೆ ಎದೆ ಕೊಟ್ಟು ಕೂರುತ್ತಿದ್ದ. ಊರಲ್ಲಿ ಸೋಫಾ ಮಂಚ ಮಾರಿ ಬಾಳಿದವನು. ಗಿರಾಕಿಗೆ ಮೆತ್ತನೆಯದು ಮಾರುತ್ತಿದ್ದ, ತಾನು ಮಾತ್ರ ಗಟ್ಟಿಮುಟ್ಟು ಎಂದು ತೋರಿಸಿಕೊಳ್ಳುತ್ತಿದ್ದ.

ಹೆಲ್ಮಿ ಆ ದಿನವೂ ಮುಂದಿನ ದಿನಗಳಲ್ಲೂ ಮಿಷನ್ನನ್ನು ಜೇಬಿಗೆ ಹಾಕಿಕೊಂಡು ಕೂತಳು. ಗುಂಯ್ ಇದ್ದೇ ಇತ್ತು. "ಜೇಬಲ್ಲಿದ್ರೂ ಅದು ಎದ್ದೇ ಇರುತ್ತೆ, ಮಲಗಲ್ಲ," ಎಂದ ವೆಂಡೆಲ್. ಹೊರಡುವುದಕ್ಕೆ ಹಿಂದಿನ ದಿನ ಅವಳು ಅದನ್ನು ಮೋಟೆಲ್ಲಿನಲ್ಲೇ ಬಿಟ್ಟು ಬಂದಳು. ಅವತ್ತು ಗಾಳಿ ಬಿದ್ದುಹೋಗಿತ್ತು, ಮಂಜು ಬೆಚ್ಚಗೆ ಕವಿದಿತ್ತು. ರೇಡಿಯೋ ಹಚ್ಚಿದರೆ ಗುಂಯ್ ಇಲ್ಲ. ಒಂದಿಷ್ಟೂ ಇಲ್ಲ.

"ಸಿಕ್ತಾ ಸಾಕ್ಷಿ?" ಎಂದ ವೆಂಡೆಲ್. ಅವನ ದನಿಯಲ್ಲಿ ಜಂಬಕ್ಕಿಂತ ಸಮಾಧಾನವೇ ಹೆಚ್ಚಿತ್ತು, ಪಾಪ, ಅವನಿಗೂ ದನಿಗಳು ಬೇಕಿದ್ದವು. ಆದರೆ ಅವತ್ತು ಕಡಲು ಕೃಪೆ ಮಾಡಲಿಲ್ಲ. ಲೊಹೆವಾ ಇದ್ದ ಕಡೆ ಬರೀ ಹೊಳೆ ಹರಿದ ಸದ್ದು. ಮಿಕ್ಕವರು ನ್ಯೂಜಿಲೆಂಡಿನ ಒಂದು ನಿಲ್ದಾಣಕ್ಕೆ ಕೈ ಎತ್ತಿದಾಗ ಹೆಲ್ಮಿಗೆ ಯಾರೋ ಬಾಯಲ್ಲಿ ಬಟ್ಟೆ ತುರುಕಿಕೊಂಡು ಮಾತಾಡಿದ ಹಾಗೆ ಕೇಳಿಸಿತು. ಅವಳು ಕೈ ಎತ್ತಲಿಲ್ಲ. ಕೇಳಿಸದ್ದಕ್ಕೆ ಕೈ ಎತ್ತುವವಳಲ್ಲ ಅವಳು. ಹೋದ ವರ್ಷವೂ ಎತ್ತಿರಲಿಲ್ಲ. ಅಥವಾ ಎತ್ತಿದ್ದಳೇ? ಆ ರಾತ್ರಿ ಮೋಟೆಲ್ಲಿನ ಮಂಚದಲ್ಲಿ ಹೊರಳುತ್ತ ಅವಳು ಅತ್ತಳು. ಗಟ್ಟಿಯಾಗಿ ಅತ್ತಳೋ ಮೆಲ್ಲಗೆ ಅತ್ತಳೋ, ಅದೂ ಅವಳಿಗೆ ಸರಿಯಾಗಿ ಕೇಳಿಸಲಿಲ್ಲ.

ಕೊನೆಯ ದಿನದ ಬೆಳಗು. ಹೊರಡುವ ದಿನವಾದ್ದರಿಂದ ಮೋಟೆಲ್ಲಿನ ಕೋಣೆ ಖಾಲಿ ಮಾಡಿ, ಗಂಟುಮೂಟೆಯೆಲ್ಲ ಕಾರಿಗೆ ತುಂಬಿಕೊಂಡು ಬಂದಿದ್ದಳು. ಮಿಷನ್ನಿನ ಬ್ಯಾಟರಿ ಕಿತ್ತು, ಡಬ್ಬಿಗೆ ಹಾಕಿ, ಕಾರಿನ ಮುಂದಿನ ಖಾನೆಯಲ್ಲಿಟ್ಟಿದ್ದಳು. ವಾಯವ್ಯದಿಂದ ಗಾಳಿ ಎದ್ದಿತ್ತು, ಅಲ್ಲಿನ ಬೇಸಿಗೆಯಲ್ಲೂ ಹಲ್ಲು ಕಟಕಟಿಸುವಂಥದ್ದು. ಅವಳು ಮನೆಯಲ್ಲಿ ಮಾಡಿ ತಂದಿದ್ದ ಏಲಕ್ಕಿ ಬ್ರೆಡ್ಡನ್ನು ಬೆರ್ತೊ ಕೋಟಿನೊಳಗೆ ಬಚ್ಚಿಟ್ಟುಕೊಂಡು ತಿನ್ನುತ್ತಿದ್ದ. ಇಂಥ ಒಣ ಚಳಿಯಲ್ಲೇ ದಕ್ಷಿಣದ ದನಿಗಳು ಏಳುವುದು ಎಂದು ನೊರೀನ್ ಕೈ ಉಜ್ಜಿಕೊಂಡಳು. ರೇಡಿಯೋ ಹಚ್ಚಿದರು.

ಗುಂಯ್.

ಅದರ ಅಡಿಯಲ್ಲಿ ಗಿಟಾರಿನಂಥದ್ದೇನೋ ಬರುತ್ತಿತ್ತು. ನಾಲ್ವರಿಗೂ ಗೊತ್ತಾಯಿತು. ಲೊಹೆವಾ ಎದ್ದಿದೆ, ಅದರ ಮೇಲೆ ಈ ದರಿದ್ರ ಸದ್ದು ಕಾಲು ಚಾಚಿ ಮಲಗಿದೆ.

"ಎಲ್ಲಿಟ್ಟಿದ್ದೀಯೇ ಅದನ್ನ?" ವೆಂಡೆಲ್ ಕೂಗಿದ.

"ಕಾರಲ್ಲಿ. ಬ್ಯಾಟರಿ ತೆಗ್ದು."

"ಕಾರು ಅದೇ ಗೆರೆ ಮೇಲಿದೆ ನೋಡು."

"ಬ್ಯಾಟರಿ ಇಲ್ದೆ ಕೂಗುತ್ತೇನೋ ಅದು?" ಬೆರ್ತೊ ಬ್ರೆಡ್ಡು ಬಾಯಲ್ಲಿಟ್ಟುಕೊಂಡೇ ಕೇಳಿದ. "ಅಷ್ಟು ಒಳ್ಳೆ ಮಿಷನ್ ಎಲ್ಲಿ ಸಿಗುತ್ತೆ, ನಂಗೂ ಹೇಳು."

ಹೆಲ್ಮಿಯೊಳಗೆ ಏನೋ ತಣ್ಣಗೆ ನೆಟ್ಟಗಾಯಿತು. ಇಷ್ಟು ದಿನ ತಪ್ಪು ತನ್ನದೇ ಎಂದು ಒಪ್ಪಿಕೊಂಡು ಕೂತಿದ್ದಳಲ್ಲ, ಅದೇ ಅವಳ ಪೆದ್ದುತನ. ಮಕ್ಕಳು ನೀರಿಗೆ ಹೆದರಿದಾಗ ಅವಳು ಹೇಳುತ್ತಿದ್ದುದು ಒಂದೇ: ಕಣ್ಣು ಬಿಟ್ಟು ಮುಳುಗು, ತಳ ಎಲ್ಲಿದೆ ನೋಡು. ಅವಳು ಕುರ್ಚಿಯಿಂದ ಎದ್ದು, ರೇಡಿಯೋವನ್ನು ಎದೆಮಟ್ಟಕ್ಕೆ ಹಿಡಿದು ಮೆಲ್ಲಗೆ ತಿರುಗಿದಳು. ಸದ್ದು ಅಡಗಿತು. ಗೆರೆ: ಮುಂದೆ ವೆಂಡೆಲ್ ಮತ್ತು ಕಡಲು, ಹಿಂದೆ ಕಾರು. ಇದು ಎಲ್ಲರಿಗೂ ಗೊತ್ತಿದ್ದದ್ದೇ.

ಆಮೇಲೆ ಅವಳು ಇಷ್ಟು ದಿನ ಯಾರೂ ಮಾಡದ ಕೆಲಸ ಮಾಡಿದಳು. ಗೆರೆ ಬಿಟ್ಟು ಪಕ್ಕಕ್ಕೆ ನಡೆದಳು, ಕಾಡುಹಣ್ಣಿನ ಪೊದೆಗಳನ್ನು ಸೀಳಿಕೊಂಡು, ಬಂಡೆಯ ಉತ್ತರದ ಅಂಚಿನವರೆಗೆ. ಎಲ್ಲರೂ ತಮ್ಮ ಕುರ್ಚಿಗೆ ಅಂಟಿಕೊಂಡಿದ್ದರಲ್ಲ. ಗಂಟೆ ತುಂಬುವ ಮುಂಚೆ ಜಾಗ ಬಿಟ್ಟು ಏಳುವುದೆಂದರೆ ಈ ಜನಕ್ಕೆ ಪ್ರಾಣಸಂಕಟ. ಅಲ್ಲಿಂದ ನೋಡಿದರೆ ಕಾರು ಒಂದು ದಿಕ್ಕು, ಬಂಡೆಯ ತುದಿ ಇನ್ನೊಂದು ದಿಕ್ಕು. ಅಲ್ಲಿ ನಿಂತು ಮತ್ತೆ ರೇಡಿಯೋ ತಿರುಗಿಸಿದಳು. ಕಾರಿನ ಕಡೆ ಕೋಲಿನ ತುದಿ ನೆಟ್ಟಳು: ಗುಂಯ್ ಹಾಗೇ ಇದೆ. ಕಡಲಿನ ಕಡೆ ತಿರುಗಿಸಿದಳು: ಇದೆ. ಬಂಡೆಯ ತುದಿಯ ಕಡೆ ತಿರುಗಿಸಿದಳು.

ಸದ್ದು ನೀರಲ್ಲಿ ಮುಳುಗಿದ ಕಲ್ಲಿನ ಹಾಗೆ ಅಡಗಿತು.

ಹೆಲ್ಮಿಗೆ ನಗು ಉಕ್ಕಿತು. ರೇಡಿಯೋವನ್ನು ಹಾಗೇ ಹಿಡಿದು, ಸದ್ದು ಅಡಗಿದ ಕಡೆಗೇ ಹೆಜ್ಜೆ ಇಡುತ್ತ ಹೋದಳು. ನೊರೀನ್ ಹೆಡ್‌ಫೋನ್ ಇಳಿಸಿ ನೋಡಿದಳು. ಬೆರ್ತೊ ಅಗಿಯುವುದನ್ನು ನಿಲ್ಲಿಸಿದ. ಹೆಲ್ಮಿ ಹೋಗಿ ನಿಂತದ್ದು ವೆಂಡೆಲ್‌ನ ಎದೆಯ ಮುಂದೆ, ಕೋಟಿನ ಮೂರನೇ ಗುಂಡಿಯ ನೇರಕ್ಕೆ.

"ಕೋಟು ಬಿಚ್ಚು," ಎಂದಳು.

"ಏನು?"

"ಬಿಚ್ಚೋ, ಹೊತ್ತಾಗ್ತಿದೆ. ಒಳಗೇನಿದೆ?"

"ಒಳಗೆ ನಾನಿದ್ದೀನಿ."

"ನಿನ್ನ ಜೊತೆ ಇನ್ಯಾರೋ ಇದ್ದಾರೆ. ಗುಂಯ್ ಅಂತಿದ್ದಾರೆ."

ವೆಂಡೆಲ್‌ನ ಮುಖ ನೋಡುವಂತಿತ್ತು. ಕೈ ತಾನಾಗಿ ಎದೆಗೆ ಹೋಯಿತು. ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಹಳೆಯ ಕೋಟಿನ ಒಳಗೆ ಕಂಡದ್ದು ಹೊಚ್ಚ ಹೊಸ, ತೋಳಿಲ್ಲದ, ಉಬ್ಬುಬ್ಬಿದ ಕರಿ ಅಂಗಿ. ಅದರ ಎದೆಯ ಮೇಲೊಂದು ಪುಟ್ಟ ಕೆಂಪು ದೀಪ ಹತ್ತುತ್ತಿತ್ತು, ಆರುತ್ತಿತ್ತು, ಗುಂಯ್‌ನ ತಾಳಕ್ಕೆ ಸರಿಯಾಗಿ.

"ಮಗಳು ಕೊಟ್ಟಿದ್ದು," ಎಂದ ವೆಂಡೆಲ್. "ಬಿಸಿ ಬನಿಯನ್ನು. ಬ್ಯಾಟರಿದು."

"ಎಲ್ಲರ ಫೋನೂ ಆರ್ಸಿದ್ಯಲ್ಲಪ್ಪ," ನೊರೀನ್ ಹತ್ತಿರ ಬಂದು ಹೇಳಿದಳು, "ನನ್ನ ಕೈಗಡಿಯಾರ ಬಿಚ್ಸಿದೆ. ಇದನ್ನ ಯಾಕೋ ಆರ್ಸಿಲ್ಲ?"

"ಇದು ಬಟ್ಟೆ ಕಣೇ," ಎಂದ ವೆಂಡೆಲ್. ಅವನು ಸುಳ್ಳು ಹೇಳುತ್ತಿರಲಿಲ್ಲ. ರೇಡಿಯೋ, ಫೋನು, ಟಾರ್ಚು ಎಲ್ಲವನ್ನೂ ಅವನು ಲೆಕ್ಕ ಹಾಕಿದ್ದ. ಮೈಮೇಲಿನ ಬನಿಯನ್ನು ಕರೆಂಟಿನ ವಸ್ತು ಎಂದು ಅವನ ತಲೆಗೆ ಹೊಳೆದೇ ಇರಲಿಲ್ಲ. "ಆ ಬೆಚ್ಚಗಿನ ದಿನ ಹಾಕ್ಕೊಂಡಿರ್ಲಿಲ್ಲ," ಎಂದು ಮೆಲ್ಲಗೆ ಸೇರಿಸಿದ. ಅಷ್ಟು ಹೇಳುವಾಗ ಅವನ ಕಿವಿಯ ತುದಿ ಕೆಂಪಾಗಿತ್ತು, ಚಳಿಗಲ್ಲ.

"ಗಾಳಿಗೆ ಎದೆ ಕೊಡೋ ಗಂಡು," ಎಂದ ಬೆರ್ತೊ, "ಒಳಗೆ ಒಲೆ ಹಚ್ಕೊಂಡಿದ್ದ."

ವೆಂಡೆಲ್ ಗುಂಡಿ ಒತ್ತಿದ. ಕೆಂಪು ದೀಪ ಆರಿತು. ಆರಿಸಿದ್ದು ಸಾಲದೆಂದು ಅಂಗಿಯನ್ನೇ ಕಳಚಿ, ಬ್ಯಾಟರಿ ಕಿತ್ತು, ಕಲ್ಲಿನ ಕೆಳಗೆ ಒತ್ತಿಟ್ಟ. ನಾಲ್ಕು ರೇಡಿಯೋಗಳಲ್ಲೂ ಒಮ್ಮೆಲೇ ಕಡಲು ತೆರೆಯಿತು.

ಗಿಟಾರು. ಅದರ ಜೊತೆ ಹೆಂಗಸರ ಕೋರಸ್ಸು, ಪ್ರಾರ್ಥನೆಯೋ ಪ್ರೇಮಗೀತೆಯೋ ತಿಳಿಯದ್ದು, ಅಲೆಯ ಮೇಲೆ ಏರಿ ಇಳಿದು ಬರುತ್ತಿತ್ತು. ಹೆಲ್ಮಿಗೆ ಅದರ ದಪ್ಪ ಭಾಗ ಮಾತ್ರ ಕೇಳಿತು. ಹೆಸರು ಸಣ್ಣ ಭಾಗದಲ್ಲಿರುತ್ತದೆ. ಬೆನ್ನ ಹಿಂದಿನ ಗುಡ್ಡದ ಅಂಚು ಬೆಳ್ಳಗಾಗುತ್ತಿತ್ತು; ಸೂರ್ಯ ತಲೆ ಎತ್ತಿದರೆ ಈ ದನಿ ಕರಗಿಹೋಗುತ್ತದೆ, ಇನ್ನು ಈ ಲೋಕದಲ್ಲಿ ಸಿಗುವುದಿಲ್ಲ. ಗಂಟೆ ತುಂಬಲು ಇನ್ನೇನು ಬಂತು.

"ಓಡೇ," ಎಂದಳು ನೊರೀನ್.

ಹೆಲ್ಮಿ ಓಡಿದಳು. ಆ ವಯಸ್ಸಿನವರು ಬಂಡೆಯ ಮೇಲೆ ಓಡಬಾರದು, ಓಡಿದಳು. ಕಾರಿನ ಖಾನೆ ತೆರೆದು ಡಬ್ಬಿ ತೆಗೆದಳು, ಬ್ಯಾಟರಿ ಕೂರಿಸಲು ಹೋದಳು. ಒಂದು ಸಲ ಜಾರಿ ಸೀಟಿನ ಮೇಲೆ ಬಿತ್ತು, ಬಾಯಲ್ಲಿ ಬರಬಾರದ ಒಂದು ಮಾತು ಬಂತು, ಎರಡನೇ ಸಲ ಕೂತಿತು. ಮಿಷನ್ನು ಕಿವಿಗೆ ಇಟ್ಟು, ಟೋಪಿ ಅಲ್ಲೇ ಬಿಸಾಕಿ, ಬರಿತಲೆಯಲ್ಲಿ ವಾಪಸು ಬಂದಳು. ಬಂದವಳು ತನ್ನ ಕುರ್ಚಿಯ ಹತ್ತಿರ ನಿಲ್ಲಲಿಲ್ಲ. ವೆಂಡೆಲ್‌ನ ಪಕ್ಕಕ್ಕೆ, ಬಂಡೆಯ ತುದಿಗೇ ಹೋದಳು. ಅವನು ತನ್ನ ಕುರ್ಚಿ ಪಕ್ಕಕ್ಕೆ ಎಳೆದುಕೊಂಡ. ಹೆಡ್‌ಫೋನ್ ಏರಿಸಿ ಹೆಲ್ಮಿ ಕಡಲಿಗೆ ಮುಖಮಾಡಿದಳು.

ಪದಗಳು ಬಂದವು. ಹಾಡಿನೊಳಗಿನ ಪದಗಳು, ಅವಳಿಗೆ ಅರ್ಥವಾಗದವು, ಆದರೆ ಅಂಚು ಚೂಪಾಗಿರುವ, ಒಂದರಿಂದೊಂದು ಬೇರೆಯಾಗಿ ಕೇಳುವ ಪದಗಳು. ಯಾರ ಮನಸ್ಸೂ ತುಂಬಿಕೊಂಡದ್ದಲ್ಲ ಇದು. ಹಾಡು ಮುಗಿಯಿತು. ಎಲ್ಲರೂ ಕಣ್ಣು ಮುಚ್ಚಿದರು.

ಬರೀ ಅಲೆಗಳ ಸದ್ದು. ಇನ್ನೂ ಅಲೆಗಳ ಸದ್ದು. ಹೋಯಿತೇ ಎಂದು ಹೆಲ್ಮಿ ಅಂದುಕೊಳ್ಳುವಷ್ಟರಲ್ಲಿ, ಕಡಲಿನ ಆ ಕೊನೆಯಿಂದ, ಯಾರೋ ಉಸಿರು ತುಂಬಿ ಶಂಖ ಊದಿದರು.

ಆಮೇಲೆ ಹೆಂಗಸಿನ ದನಿ ಬಂತು. ಲೊಹೆವಾ. ಮತ್ತೊಮ್ಮೆ, ಎಳೆದು: ಲೊಹೆ-ವಾ.

ಹೆಲ್ಮಿ ಕೈ ಎತ್ತಿದಳು. ಕಣ್ಣು ಬಿಡಲಿಲ್ಲ. ಹೋದ ವರ್ಷ ಕಣ್ಣು ಬಿಟ್ಟಾಗ ಕಂಡದ್ದು ಅವಳಿಗೆ ನೆನಪಿತ್ತು: ತೊಡೆಗಳ ಮೇಲಿನ ಕೈಗಳು. ಗಾಳಿ ಅವಳ ಬರಿತಲೆಗೆ ಹೊಡೆಯುತ್ತಿತ್ತು. ಕಣ್ಣಂಚಿನಿಂದ ನೀರು ಇಳಿಯುತ್ತಿತ್ತು, ಅದಕ್ಕೆ ಗಾಳಿಯನ್ನು ದೂರಿ ಸುಖವಿಲ್ಲ, ಅವಳು ಸಂತೋಷಕ್ಕೇ ಅಳುತ್ತಿದ್ದಳು. ಯಾರ ಕೈ ಎದ್ದಿರಲಿ ಬಿಡಲಿ, ತಾನು ಕೇಳಿದ್ದು ನಿಜ, ಹೋದ ವರ್ಷವೂ ನಿಜ. ಅಷ್ಟು ಗಟ್ಟಿಯಾದ ಮೇಲೆ ಕಣ್ಣು ಬಿಟ್ಟಳು.

ಹಿಂದೆ ನೊರೀನ್‌ಳ ಕೈ ಮೇಲಿತ್ತು. ಬೆರ್ತೊ ಏಲಕ್ಕಿ ಬ್ರೆಡ್ಡು ಹಿಡಿದ ಕೈಯನ್ನೇ ಎತ್ತಿದ್ದ. ಅವಳು ಪಕ್ಕಕ್ಕೆ ತಿರುಗಿದಳು. ವೆಂಡೆಲ್ ಗುಂಡಿ ಹಾಕದ ಕೋಟಿನಲ್ಲಿ, ತೆಳ್ಳನೆಯ ಅಂಗಿ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿರಲು, ತುಟಿ ನೀಲಿಯಾಗಿ ನಡುಗುತ್ತ, ಬಲಗೈಯನ್ನು ಬಾವುಟದ ಕೋಲಿನ ಹಾಗೆ ನೆಟ್ಟಗೆ ಎತ್ತಿ ನಿಂತಿದ್ದ.

ಅವಳು ನೋಡುತ್ತಿದ್ದಂತೆ ಅವನು ಎಡಗೈಯನ್ನೂ ಎತ್ತಿದ.

"ಎರಡ್ಯಾಕೋ?" ಎಂದಳು.

"ಇದು ಇವತ್ತಿಂದು," ಎಂದ ವೆಂಡೆಲ್ ಬಲಗೈ ಅಲ್ಲಾಡಿಸಿ. ಹಲ್ಲು ಕಟಕಟಿಸಿ ಮಾತು ತುಂಡಾಯಿತು. ಉಸಿರೆಳೆದುಕೊಂಡು ಎಡಗೈ ಕಡೆ ಗದ್ದ ತೋರಿಸಿದ. "ಇದು ಹೋದ್ವರ್ಷದ್ದು. ನೀನು ಹೇಳಿದ್ದೇ ಸರಿ, ಶಂಖ ಇತ್ತು ಕಣೇ."

ಗುಡ್ಡದ ಮೇಲೆ ಸೂರ್ಯ ಬಂದ. ರೇಡಿಯೋದಲ್ಲಿ ಲೊಹೆವಾ ಸಣ್ಣಗಾಗಿ, ಇನ್ನೂ ಸಣ್ಣಗಾಗಿ, ಕಡಲಿನ ಸದ್ದಿಗೆ ಸೇರಿಹೋಯಿತು. ಯಾರೂ ಕೈ ಇಳಿಸಿರಲಿಲ್ಲ. ಹೆಲ್ಮಿ ಬಗ್ಗಿ, ಕಲ್ಲಿನ ಕೆಳಗಿದ್ದ ಕರಿ ಅಂಗಿಯನ್ನು ಎಳೆದು ವೆಂಡೆಲ್‌ನ ಹೆಗಲ ಮೇಲೆ ಹಾಕಿದಳು.

"ಸಾಕು, ಕೈ ಇಳ್ಸು," ಎಂದಳು. "ಇನ್ನು ಹಚ್ಕೊ ನಿನ್ನ ಒಲೆ."